ಮನೆಯಲ್ಲಿ ಉಳಿದವನ ಎದೆ ಬಡಿತ

ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಹೆಂಡತಿ ಶಾಲೆಯ ಹೆಡ್ ಟೀಚರು. ಈ ಎರಡು ಮಾತನ್ನೂ ನಾನು ಯಾವಾಗಲೂ ಒಟ್ಟಿಗೇ ಹೇಳುತ್ತೇನೆ. ಬಿಡಿಬಿಡಿಯಾಗಿ ಹೇಳಿದರೆ ಕೇಳಿದವರಿಗೆ ನಮ್ಮ ಮನೆಯ ಕಥೆ ಅರ್ಧವೇ ಗೊತ್ತಾಗುತ್ತದೆ.

ಬರೆಯಲು ಹೇಳಿದವಳು ಮಗಳು ಮಂಜುಳ. ಅವಳು ಮಾಲೂರಿನಲ್ಲಿ ನರ್ಸು. "ಅಪ್ಪಾ, ನಿನಗಾಗಿತ್ತಲ್ಲ, ಅದೇ ಕಾಯಿಲೆ ಹೊತ್ಕೊಂಡು ಎಷ್ಟೋ ಜನ ತಾಯಂದಿರು ಬರ್ತಾರೆ. ಮಗೂನ ಕಂಕುಳಲ್ಲಿ ಇಟ್ಕೊಂಡು, 'ಎದೆ ಹಾರ್ತದೆ ಸಿಸ್ಟರ್, ಮನೇಲಿ ಹೇಳ್ಬೇಡಿ' ಅಂತಾರೆ. ನೀನು ಬರೆದುಕೊಟ್ರೆ ಅವರಿಗೆ ಓದಿ ಹೇಳ್ತೀನಿ" ಎಂದಳು. ಹಾಗಾದರೆ ಬರೆದೇ ಬಿಡುತ್ತೇನೆ. ಕಾಗುಣಿತ ತಿದ್ದುವವರು ಮನೆಯಲ್ಲೇ ಇರುವಾಗ ನನಗೇನು ಭಯ?

ನಮ್ಮ ಹಳ್ಳಿ ಬೈರಕೂರಿನ ಹತ್ತಿರ. ಆಂಧ್ರ ಪಕ್ಕದಲ್ಲೇ ಇರುವುದರಿಂದ ನಮ್ಮ ಮನೆಗಳಲ್ಲಿ ಅನ್ನಕ್ಕೆ ಕನ್ನಡ, ಸಾರಿಗೆ ತೆಲುಗು. ರತ್ನ ನನ್ನ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಮಾಮೂಲು. ಮದುವೆಯಾದ ಹೊಸದರಲ್ಲೇ ಅವಳು, "ಮಾವ, ನಾನು ಎಸ್ಸೆಸ್ಸೆಲ್ಸಿ ಪಾಸಾಗಿದೀನಿ. ಟೀಚರ್ ಆಗ್ಬೇಕು ಅಂತ ಆಸೆ" ಎಂದಳು. "ಆಗು" ಎಂದೆ. ಮಾತು ಕೊಡಲು ಎಷ್ಟು ಹೊತ್ತು ಬೇಕು ಹೇಳಿ. ಅವಳು ಕೋಲಾರದಲ್ಲಿ ಟ್ರೈನಿಂಗ್ ಮುಗಿಸಿ, ಕಾದು ಕಾದು ಕೆಲಸದ ಆರ್ಡರು ಕೈಗೆ ಬರುವ ಹೊತ್ತಿಗೆ ಮಂಜುಳನಿಗೆ ಏಳು ವರ್ಷ, ಮಗ ನಾಗನಿಗೆ ಒಂದೂವರೆ. ಎಮರ್ಜೆನ್ಸಿಗೆ ಮುಂಚಿನ ಮಾತು ಇದು.

ಶಾಲೆ ಮುಳಬಾಗಿಲಿನಿಂದ ಆಚೆ. ಎರಡು ಬಸ್ಸು ಹತ್ತಬೇಕು. ಬೆಳಗಿನ ಮೊದಲ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಮನೆಯಲ್ಲಿ ನನ್ನ ತಾಯಿ ಇದ್ದಳು, ಆದರೆ ಮಂಡಿ ಹಿಡಿದುಕೊಂಡಿತ್ತು. ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಊರಿಗೆಲ್ಲ ಬುದ್ಧಿ ಹೇಳುವುದು ಬಿಟ್ಟರೆ ಅವಳ ಕೈಲಿ ಕೆಲಸ ಸಾಗುತ್ತಿರಲಿಲ್ಲ. ಇನ್ನು ಉಳಿದವನು ನಾನು. ಒಂದೆಕರೆ ಹಿಪ್ಪುನೇರಳೆ, ರೇಷ್ಮೆ ಹುಳು, ಒಂದು ಎಮ್ಮೆ, ಎರಡು ಮಕ್ಕಳು, ಒಲೆ. "ನೀನು ಹೋಗು, ಮನೆ ನಾನು ನೋಡ್ಕೋತೀನಿ" ಎಂದು ಎದೆ ತಟ್ಟಿಕೊಂಡು ಹೇಳಿದೆ.

ಮೊದಲನೇ ದಿನ ರತ್ನ ನೀಲಿ ಅಂಚಿನ ಸೀರೆ ಉಟ್ಟು, ಕೈಯಲ್ಲಿ ಬ್ಯಾಗು ಹಿಡಿದು ಬಸ್ಸು ಹತ್ತಿದಾಗ ನಮ್ಮೂರಿನ ಅರ್ಧ ಜನ ನೋಡಲು ಬಂದಿದ್ದರು. ನಮ್ಮೂರಿನಿಂದ ಸಂಬಳದ ಕೆಲಸಕ್ಕೆ ಹೋದ ಮೊದಲ ಹೆಂಗಸು ನನ್ನ ಹೆಂಡತಿ. ಇವತ್ತಿಗೂ ಅದನ್ನು ಹೇಳುವಾಗ ನನ್ನ ಧ್ವನಿ ತಾನಾಗಿ ದೊಡ್ಡದಾಗುತ್ತದೆ. ಆಗಲಿ ಬಿಡಿ.

ರೇಷ್ಮೆ ಸಾಕುವವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಹುಳು ಮನೆಯಲ್ಲಿದ್ದರೆ ಅದು ಬಾಣಂತಿ ಇದ್ದ ಮನೆಗಿಂತ ಹೆಚ್ಚು. ಹೊರಗಿನವರು ಒಳಗೆ ಬರುವಂತಿಲ್ಲ. ಕಾಲು ತೊಳೆಯದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಒಗ್ಗರಣೆಯ ಘಾಟು, ಬೀಡಿ ಹೊಗೆ, ಜೋರು ಮಾತು ಯಾವುದೂ ಕೂಡದು. ತಟ್ಟೆ ಇಡುವ ಸ್ಟ್ಯಾಂಡಿನ ನಾಲ್ಕು ಕಾಲಿಗೂ ಇರುವೆ ಹತ್ತದಂತೆ ನೀರು ತುಂಬಿದ ಬಟ್ಟಲು ಇಡಬೇಕು. ಸೊಪ್ಪು ಹೊತ್ತು ಹೊತ್ತಿಗೆ ಬೀಳಬೇಕು. ಒಂದು ಹೊತ್ತು ತಪ್ಪಿದರೆ ಹುಳು ಮರೆಯುವುದಿಲ್ಲ, ಗೂಡಿನಲ್ಲಿ ತೋರಿಸುತ್ತದೆ.

ನಾನು ಮಾಡಿದ ತಪ್ಪೇನೆಂದರೆ ಮಕ್ಕಳನ್ನೂ ಹಾಗೆಯೇ ಸಾಕಲು ಹೊರಟಿದ್ದು. ನನಗೆ ಬರುತ್ತಿದ್ದ ವಿದ್ಯೆ ಅದೊಂದೇ. ನಾಗ ಮಲಗುವ ಮಂಚದ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟೆ. ನೆಗಡಿಯಾದವರು ಯಾರೂ ನಮ್ಮ ಬೀದಿಗೇ ಬರಬಾರದು ಎಂದೆ. ಓರಗೆಯ ಮಕ್ಕಳು ಆಟಕ್ಕೆ ಕರೆದರೆ ಅಟ್ಟಿದೆ. ಸೀನಿದರೆ ಮೂಗು ಒರೆಸಿ, ಮತ್ತೆ ಸೀನುತ್ತಾನೇನೋ ಎಂದು ಮುಖ ನೋಡುತ್ತಾ ಕೂರುತ್ತಿದ್ದೆ. ಹುಳು ಇದೆ ಎಂದು ನಮ್ಮ ಮನೆಗೆ ಯಾರೂ ಬರುತ್ತಿರಲಿಲ್ಲ, ಮಕ್ಕಳಿವೆ ಎಂದು ನಾನು ಎಲ್ಲಿಗೂ ಹೋಗುತ್ತಿರಲಿಲ್ಲ. ದಿನಕ್ಕೆ ಮನೆಯಾಚೆಯ ದೊಡ್ಡವರೊಬ್ಬರ ಜೊತೆ ನಾಲ್ಕು ಮಾತಾಡಿದರೆ ಹೆಚ್ಚು. ಆ ನಾಲ್ಕೂ ಮಾತು ಟೀ ಅಂಗಡಿಯ ಮುಂದೆ ಹಾದು ಹೋಗುವಾಗ, ದಿನವಿಡೀ ಅಲ್ಲೇ ಕೂತಿರುವ ಚೆನ್ನರಾಯಪ್ಪ ಕರೆದು ಆಡಿಸುವ ಮಾತು.

"ಏನ್ಲಾ ಮುನಿಶಾಮಿ, ಇವತ್ತು ಏನ್ ಸಾರು ಮಾಡ್ದೆ?"

"ಬಸ್ಸಾರು. ಕಳಿಸ್ಲೇನಣ್ಣ ಒಂದ್ ಪಾತ್ರೆ?"

"ಬೇಡಪ್ಪೋ, ನಿಮ್ಮ ಯಜಮಾನ್ರು ಸ್ಕೂಲಿಂದ ಬಂದ್ಮೇಲೆ ಕಡಿಮೆಯಾದ್ರೆ ನಿಂಗೆ ಏಟು ಬೀಳ್ತದೆ!"

ಅಂಗಡಿಯೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ. ನಕ್ಕು, ತಲೆ ತಗ್ಗಿಸಿ ಬೇಗ ಬೇಗ ಮನೆ ಕಡೆ ಹೆಜ್ಜೆ ಹಾಕುತ್ತಿದ್ದೆ.

ಮೊದಲ ಸಲ ಅದು ಬಂದದ್ದು ಒಂದು ಬೆಳಗ್ಗೆ, ಸೊಪ್ಪು ಹೆಚ್ಚುತ್ತಾ ಕೂತಿದ್ದಾಗ. ಎಳೆ ಹುಳುವಿಗೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ನಾಗ ಬೆನ್ನ ಮೇಲೆ ಹತ್ತಿ ಆಡುತ್ತಿದ್ದ. ಒಲೆಯ ಮೇಲೆ ಹಾಲು, ಹಟ್ಟಿಯಲ್ಲಿ ಎಮ್ಮೆ ಕೂಗು, ತಾಯಿಯ ಕರೆ, "ನಾಯನಾ, ನೀಳ್ಳು." ನೀರು ಬೇಕಂತೆ. ಏಳಬೇಕು ಅಂದುಕೊಂಡೆ. ಏಳಲು ಆಗಲಿಲ್ಲ. ಎದೆ ಡಬಡಬ ಹೊಡೆದುಕೊಳ್ಳತೊಡಗಿತು. ಕೈಬೆರಳು ಜೋಮು ಹಿಡಿದು ಕತ್ತಿ ಜಾರಿತು. ಮೈಯೆಲ್ಲ ಬೆವರು. ಉಸಿರು ಒಳಗೆ ಹೋಗುತ್ತಿದೆ, ಸಾಲುತ್ತಿಲ್ಲ. ನನ್ನ ತಲೆಗೆ ಬಂದ ಮಾತು ಒಂದೇ. ನಾನು ಈಗ ಸತ್ತರೆ ಈ ಹಾಲು ಉಕ್ಕಿ ಬೆಂಕಿ ಆರಿಸುತ್ತದೋ, ಇಲ್ಲ ಮಗು ಹೋಗಿ ಒಲೆಗೆ ಕೈ ಹಾಕುತ್ತದೋ?

ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯಿತು. ಹಾಲು ಇಳಿಸಿದೆ, ತಾಯಿಗೆ ನೀರು ಕೊಟ್ಟೆ, ಸೊಪ್ಪು ಹಾಕಿದೆ. ಸಂಜೆ ರತ್ನ ಬಂದು, "ಏನ್ ಮಾವ, ಮುಖ ಬಾಡದೆ?" ಎಂದಾಗ, "ಬಿಸಿಲು" ಎಂದೆ.

ಯಾಕೆ ಸುಳ್ಳು ಹೇಳಿದೆ? ಹೇಳಿದರೆ ಅವಳು ಕೆಲಸ ಬಿಡುತ್ತಾಳೆ. ಅಷ್ಟೇ ಕಾರಣ. ಅವಳ ಮನಸ್ಸು ನನಗೆ ಗೊತ್ತಿತ್ತು. ಮಾವನಿಗೆ ಎದೆನೋವು ಎಂದು ಕೇಳಿದ ಮರುದಿನ ಅವಳು ಬಸ್ಸು ಹತ್ತುವುದಿಲ್ಲ. ಟೀ ಅಂಗಡಿಯವರು ಹೇಳಿದ ಹಾಗೇ ಆಗಿಹೋಗುತ್ತದೆ, ಮನೆ ಗಂಡಸಿನ ಕೈಲಿ ಆಗೋದಲ್ಲ, ಹೆಂಗಸು ದುಡಿಯೋಕೆ ಹೋದರೆ ಹೀಗೇ ಎಂದು. ಇಷ್ಟು ವರ್ಷ ಅವಳು ಓದಿದ್ದು, ನಾನು ಮಂಜುಳನನ್ನು ಹೆಗಲ ಮೇಲೆ ಹೊತ್ತು ಸೊಪ್ಪು ಕೊಯ್ದದ್ದು, ಎಲ್ಲ ನೀರಿನಲ್ಲಿ ಹೋಮ.

ಆಮೇಲೆ ಅದು ವಾರಕ್ಕೊಮ್ಮೆ ಬರುತ್ತಿದ್ದುದು ದಿನವೂ ಬರಲು ಶುರುವಾಯಿತು. ಬರದ ಹೊತ್ತಿನಲ್ಲಿ ಯಾವಾಗ ಬರುತ್ತದೋ ಎಂಬ ಭಯ. ತಾಯಿಯ ಕಣ್ಣು ತಪ್ಪಿಸಲು ಆಗಲಿಲ್ಲ. "ಗಾಳಿ ಪಟ್ಟಿಂದಿರಾ ನೀಕು" ಎಂದಳು. ಗಾಳಿ ಮೆಟ್ಟಿಕೊಂಡಿದೆಯಂತೆ. ಶ್ರೀನಿವಾಸಪುರದ ಕಡೆ ಒಬ್ಬರು ಮುದುಕರು ತಾಯತ ಕಟ್ಟುತ್ತಾರೆ, ಹೋಗಿ ಬಾ ಎಂದಳು. ಒಂದು ಭಾನುವಾರ ರತ್ನನಿಗೆ ಮಾವಿನ ಸಸಿ ನೋಡಿಕೊಂಡು ಬರುತ್ತೇನೆಂದು ಹೇಳಿ ನಾಗನನ್ನು ಎತ್ತಿಕೊಂಡು ಹೋದೆ. ಅಲ್ಲಿ ಮರದ ಕೆಳಗೆ ಸಾಲು. ಸಾಲಿನಲ್ಲಿ ಎಲ್ಲರೂ ಹೆಂಗಸರು, ಎಲ್ಲರ ಕಂಕುಳಲ್ಲೂ ಮಗು. ನನ್ನ ಹಿಂದಿದ್ದ ಒಬ್ಬಮ್ಮ, "ತಾಯಿ ಇಲ್ವೇನಣ್ಣ ಈ ಕೂಸಿಗೆ?" ಎಂದು ಕನಿಕರದಿಂದ ಕೇಳಿದಳು.

"ಅವ್ಳೆ ಕಣಮ್ಮ. ಟೀಚರು" ಎಂದೆ. ಅಷ್ಟು ಭಯದಲ್ಲೂ ಆ ಮಾತು ಹೇಳುವಾಗ ಬೆನ್ನು ನೆಟ್ಟಗಾಯಿತು ನೋಡಿ.

ಮುದುಕರು ಒಳ್ಳೆಯವರು. ತಾಯತ ಕಟ್ಟಿ ತಲೆ ಸವರಿ ಕಳಿಸಿದರು. ನಾಲ್ಕು ದಿನ ಎದೆ ಸುಮ್ಮನಿತ್ತು. ಐದನೇ ದಿನ ತಾಯತದ ಜೊತೆಗೇ ಹೊಡೆದುಕೊಂಡಿತು.

ಇಲ್ಲಿಂದ ಮುಂದಿನದು ಬರೆಯಲು ನನಗೆ ನಾಚಿಕೆ. ಆದರೂ ಬರೆಯಬೇಕು, ಇದೇ ತಪ್ಪು ಮಾಡುತ್ತಿರುವವರು ಯಾರೋ ಇರುತ್ತಾರೆ. ಮನೆಯಲ್ಲಿ ನಾನೊಬ್ಬನೇ ಇದ್ದಾಗ ಬಿದ್ದುಹೋದರೆ ನಾಗನ ಗತಿಯೇನು ಎಂದು ಹೆದರಿ ನಾನು ಮಂಜುಳನನ್ನು ಶಾಲೆಗೆ ಕಳಿಸುವುದು ನಿಲ್ಲಿಸಿಬಿಟ್ಟೆ. ರತ್ನ ಬಸ್ಸು ಹತ್ತಿದ ಮೇಲೆ, "ಮಂಜೂ, ಇವತ್ತೊಂದು ದಿನ ಮನೇಲಿರು ಕಣಮ್ಮ" ಎನ್ನುತ್ತಿದ್ದೆ. ಮರುದಿನವೂ ಇವತ್ತೊಂದು ದಿನ. ಅವಳು ಸ್ಲೇಟು ಬದಿಗಿಟ್ಟು ತಮ್ಮನನ್ನು ಎತ್ತಿಕೊಳ್ಳುತ್ತಿದ್ದಳು. ಒಂದು ಮಾತು ಆಡಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಏಳು ವರ್ಷದ ಮಗುವಿಗೆ ಅಪ್ಪನ ಭಯ ಅರ್ಥವಾಗಿತ್ತು.

ಒಂದು ಸಂಜೆ ನಮ್ಮೂರ ಶಾಲೆಯ ಮೇಷ್ಟ್ರು ಬಸ್ ಸ್ಟಾಪಿನಲ್ಲಿ ರತ್ನನನ್ನು ತಡೆದು, "ಏನಮ್ಮ, ಊರ ಮಕ್ಕಳಿಗೆಲ್ಲ ಪಾಠ ಹೇಳೋಕೆ ಹೋಗ್ತೀರಿ. ನಿಮ್ಮ ಮಗಳು ನಮ್ಮ ಶಾಲೆ ಕಡೆ ತಲೆ ಹಾಕಿ ಹದಿನೈದು ದಿನ ಆಯ್ತಲ್ಲ" ಎಂದರಂತೆ.

ಅವಳು ಮನೆಗೆ ಬಂದು ಬ್ಯಾಗು ಕೆಳಗಿಡಲಿಲ್ಲ. "ಮಾವ, ಮಂಜು ಯಾಕೆ ಶಾಲೆಗೆ ಹೋಗಿಲ್ಲ?"

"ಹುಳು ಕೆಲಸ ಜಾಸ್ತಿ..."

"ಹುಳ ಇನ್ನೂ ಎರಡನೇ ಜ್ವರ, ಸೊಪ್ಪು ತಿನ್ನದೆ ಪೊರೆ ಬಿಡೋ ಹೊತ್ತು. ನಂಗೆ ಗೊತ್ತಿಲ್ವಾ? ನಿಜ ಹೇಳು."

ನಾನು ಗೋಡೆ ನೋಡಿದೆ. ಮಂಜುಳನೇ ಹೇಳಿದಳು. "ಅಮ್ಮಾ, ಅಪ್ಪಂಗೆ ಎದೆ ಓಡ್ತದೆ. ಆಮೇಲೆ ನಿಂತ್ಕೊಳ್ತದೆ. ಅಪ್ಪ ಸತ್ತೋಗ್ತಾರೆ ಅಂತ ನಾನು ನೋಡ್ಕೋತಾ ಇದೀನಿ."

ರತ್ನ ಬ್ಯಾಗಿನೊಂದಿಗೇ ನೆಲದ ಮೇಲೆ ಕೂತುಬಿಟ್ಟಳು. ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ. ಮಗಳನ್ನು ಹತ್ತಿರ ಎಳೆದುಕೊಂಡು, ಆ ಬ್ಯಾಗಿನಿಂದಲೇ ಒಂದು ಹಾಳೆ ತೆಗೆದು, ಮಣೆಯ ಮೇಲಿಟ್ಟು ಬರೆಯತೊಡಗಿದಳು. ಬರೆದು ಮಡಚಿ ದೇವರ ಗೂಡಿನಲ್ಲಿಟ್ಟು ಮುಖ ತೊಳೆಯಲು ಹೋದಳು. ನಾನು ತೆಗೆದು ಓದಿದೆ. ನಾನು ಓದುವುದು ಅಕ್ಷರ ಅಕ್ಷರ ಕೂಡಿಸಿ. "ಮಾನ್ಯರೇ, ನನ್ನ ಪತಿಯ ಅನಾರೋಗ್ಯದ ನಿಮಿತ್ತ ನಾನು ನನ್ನ ಉದ್ಯೋಗಕ್ಕೆ..." ಅಲ್ಲಿಯವರೆಗೆ ಓದಲು ಎಷ್ಟು ಹೊತ್ತು ಹಿಡಿಯಿತೋ. ಎಂಥ ದುಂಡಗಿನ ಅಕ್ಷರ! ಆ ಅಕ್ಷರ ಕಲಿಯಲಿ ಎಂದು ತಾನೇ ನಾನು ಮನೆಯಲ್ಲಿ ಉಳಿದದ್ದು. ಅದೇ ಅಕ್ಷರದಲ್ಲಿ ನನ್ನ ಕಾಯಿಲೆಯ ಹೆಸರು ಬರೆದು ಅವಳು ಕೆಲಸ ಬಿಡುತ್ತಿದ್ದಾಳೆ.

"ರತ್ನಾ, ಒಂದು ತಿಂಗಳು ತಡಿ. ರಜಾ ಹಾಕು. ನಾನು ಆಸ್ಪತ್ರೆಗೆ ಬರ್ತೀನಿ. ಅವ್ರು ಆಗಲ್ಲ ಅಂದ್ರೆ ನಾನೇ ಈ ಕಾಗ್ದ ತಗೊಂಡೋಗಿ ಕೊಟ್ಟು ಬರ್ತೀನಿ" ಎಂದೆ.

"ಮೊದಲೇ ಹೇಳಿದ್ರೆ ಏನಾಗ್ತಿತ್ತು ನಿಂಗೆ?" ಎಂದು ಆಗ ಅತ್ತಳು.

ಕೋಲಾರದ ದೊಡ್ಡಾಸ್ಪತ್ರೆಗೆ ಹೋದೆವು. ನಾಗ ನನ್ನನ್ನು ಬಿಟ್ಟಿರುತ್ತಿರಲಿಲ್ಲ, ಅವನನ್ನೂ ಎತ್ತಿಕೊಂಡೆ. ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತೆವು. ರತ್ನ ಇನ್ನೊಂದು ಚೀಟಿಗೆ ಸಾಲು ನಿಂತಳು. ಡೆಟಾಲ್ ವಾಸನೆ, ಮಕ್ಕಳ ಅಳು, ಒಳಗಿನಿಂದ ಹೆಸರು ಕೂಗುವ ಸದ್ದು. ಪ್ರತಿ ಹೆಸರಿಗೂ ನನ್ನ ಎದೆ ಒಮ್ಮೆ ಹಾರುತ್ತಿತ್ತು. ನಾಗ ಹಸಿದು ರಚ್ಚೆ ಹಿಡಿದ. ಪಕ್ಕದಲ್ಲಿ ಒಬ್ಬಮ್ಮ ಕೂತಿದ್ದಳು, ಸುಗಟೂರಿನವಳಂತೆ. ಏನೂ ಕೇಳದೆ ತನ್ನ ಗಂಟಿನಿಂದ ಬನ್ನು ತೆಗೆದು ಅರ್ಧ ಮುರಿದು ಅವನ ಕೈಗಿಟ್ಟಳು. ಆಮೇಲೆ ಕೇಳಿದಳು.

"ಏನ್ ಕಾಯ್ಲೆ ಅಣ್ಣಯ್ಯ ಮಗೀಗೆ?"

"ಮಗೀಗಲ್ಲಮ್ಮ, ನಂಗೆ. ಎದೆ ಹೊಡ್ಕೊತದೆ. ಕೈ ಜೋಮು. ಸತ್ತೋಗ್ತೀನಿ ಅನ್ಸುತ್ತೆ, ಸಾಯಲ್ಲ."

ಅವಳು ನನ್ನ ಮುಖ ನೋಡಿ ಮೆಲ್ಲಗೆ, "ನಂಗೂ ಅದೇ" ಎಂದಳು. "ನಾಲ್ಕು ಮಕ್ಕಳು. ನಮ್ಮನೆಯವರು ಸೋಗು ಅಂತಾರೆ. ಹೋದ್ಸಲ ಬಂದಾಗ ಡಾಕ್ಟ್ರು ಸೋಗಲ್ಲ ಅಂದ್ರು. ಅದ್ ಕೇಳೋಕೇ ಇನ್ನೊಂದ್ಸಲ ಬಂದೆ."

ಲೋಕದಲ್ಲಿ ಈ ಕಾಯಿಲೆ ನನಗೊಬ್ಬನಿಗೇ ಎಂದುಕೊಂಡಿದ್ದೆ. ಬೆಂಚಿನ ಆ ಅರ್ಧ ಬನ್ನು ಮತ್ತು ಆ ಮಾತು, ಮಾತ್ರೆಗಿಂತ ಮುಂಚೆ ನನಗೆ ಸಿಕ್ಕ ಔಷಧ. ಆ ತಾಯಿಯ ಹೆಸರು ಕೇಳಲಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ.

ಡಾಕ್ಟರು ವಯಸ್ಸಾದವರು, ಕನ್ನಡಕ ಮೂಗಿನ ತುದಿಗೆ. ಎದೆಗೆ ಕೊಳವೆ ಇಟ್ಟು ಕೇಳಿದರು, ವೈರು ಹಚ್ಚಿಸಿ ಕಾಗದದ ಮೇಲೆ ಗೆರೆ ಬರೆಸಿದರು. ಗೆರೆ ನೋಡಿ, "ಹಾರ್ಟು ಎತ್ತಿನ ಥರಾ ಇದೆಯಲ್ಲಯ್ಯ" ಎಂದರು. ಆಮೇಲೆ ಕಾಗದ ಬದಿಗಿಟ್ಟು ಕೇಳಿದರು. "ಮನೇಲಿ ಮಕ್ಕಳನ್ನ ನೋಡ್ಕೊಳ್ಳೋರು ಯಾರು?"

"ನಾನೇ ಸಾರ್."

"ಅಡುಗೆ?"

"ನಾನೇ ಸಾರ್."

"ಹುಳ?"

"ನಾನೇ ಸಾರ್."

"ನಿನ್ನ ನೋಡ್ಕೊಳ್ಳೋರು?"

ನಾನು ತೊಡೆಯ ಮೇಲಿದ್ದ ನಾಗನ ಮೂಗು ಒರೆಸಿದೆ. ಅವರು ಕನ್ನಡಕ ತೆಗೆದು ನಕ್ಕರು. "ಈ ಕಾಯಿಲೆ ನನ್ನ ಹತ್ರ ದಿನಾ ತಾಯಂದಿರು ತರ್ತಾರೆ ಕಣಪ್ಪ. ಗಂಡಸು ತಂದಿದ್ದು ನಾನು ನೋಡಿರೋದ್ರಲ್ಲಿ ನೀನೇ ಮೊದಲು."

ನೀವು ನಂಬುತ್ತೀರೋ ಇಲ್ಲವೋ, ನನಗೆ ಹೆಮ್ಮೆಯಾಯಿತು. ತಾಯಂದಿರ ಕಾಯಿಲೆ ಬಂದಿದೆ ಎಂದರೆ ತಾಯಂದಿರ ಕೆಲಸ ನಾನು ಸರಿಯಾಗಿಯೇ ಮಾಡಿದ್ದೇನೆ ಎಂದು ತಾನೇ ಅರ್ಥ? ರತ್ನನ ಕಡೆ ನೋಡಿದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಲೂ ನಗುತ್ತಲೂ ಇದ್ದಳು.

ಮಾತ್ರೆ ಬರೆದುಕೊಟ್ಟರು. ಮಾತ್ರೆ ಕೆಲವು ವಾರಕ್ಕೆ ಮಾತ್ರ, ಯಾವಾಗಲೂ ಪಾಲಿಸಬೇಕಾದ್ದು ಇದು ಎಂದರು. ದಿನಕ್ಕೆ ಅರ್ಧ ಗಂಟೆ, ಬೆಳಕಿರುವಾಗಲೇ, ಮಗುವಿಲ್ಲ, ಹುಳುವಿಲ್ಲ, ಒಲೆಯಿಲ್ಲ. ಮಲಗು, ಕೂರು, ಏನಾದರೂ ಮಾಡು, ಯಾರೂ ನಿನ್ನನ್ನು ಕರೆಯಬಾರದು. ಮಗಳನ್ನು ಶಾಲೆಗೆ ಕಳಿಸು. ಎದೆ ಹೊಡೆದುಕೊಂಡರೆ ಹೆದರಬೇಡ, ಅದು ಬಂದು ಹೋಗುವ ನೆಂಟ.

ಅರ್ಧ ಗಂಟೆ ಎಂದರೆ ಸುಲಭ ಅಂದುಕೊಂಡಿರಾ? ಮೊದಲ ದಿನ ಊಟವಾದ ಮೇಲೆ ರತ್ನ ಚಾಪೆ ಹಾಸಿ, "ಮಲಕ್ಕೋ ಮಾವ" ಎಂದು ಬಟ್ಟೆ ಒಗೆಯಲು ಹೋದಳು. ನಾನು ಮಲಗಿದೆ. ತಾಯಿ ಕರೆದಳು. ನಾಗ ಬಂದು ಹೊಟ್ಟೆಯ ಮೇಲೆ ಕೂತ. ಯಾರೋ ಬಾಗಿಲಲ್ಲಿ ಕುಡುಗೋಲು ಕೇಳಿದರು. ನಾನೂ ಸುಮ್ಮನಿರುವ ಪೈಕಿಯಲ್ಲ, ಎದ್ದೆದ್ದು ಹುಳು ನೋಡಿ ಬರುತ್ತಿದ್ದೆ. ಮೂರು ದಿನ ಹೀಗೇ ಆಯಿತು. ರತ್ನ ದೇವರ ಗೂಡಿನ ಕಡೆ ಒಮ್ಮೆ ನೋಡಿದಳು. ಕಾಗದ ಅಲ್ಲೇ ಇತ್ತು.

ನಾಲ್ಕನೇ ದಿನ ಭಾನುವಾರ. ಹುಳು ಮೂರನೇ ಜ್ವರಕ್ಕೆ ಕೂತಿತ್ತು. ಜ್ವರ ಎಂದರೆ ಮೈ ಬಿಸಿ ಅಲ್ಲ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವಾಗ ತಿನ್ನುವುದಿಲ್ಲ, ಅಲುಗುವುದಿಲ್ಲ, ತಲೆ ಎತ್ತಿ ಒಂದು ದಿನ ಕಲ್ಲಿನಂತೆ ಕೂರುತ್ತದೆ. ಆಗ ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ ತಟ್ಟೆಯನ್ನು ಒಣಗಿಡಬೇಕು. ಮುಟ್ಟಬಾರದು. ಆಗ ಮುಟ್ಟಿದರೆ ಹುಳು ಹಾಳು. ಇದು ನಮ್ಮ ಮಕ್ಕಳಿಗೆ ನಡೆಯಲು ಬರುವುದಕ್ಕೆ ಮುಂಚೆ ಗೊತ್ತಿರುತ್ತದೆ. ಬೆಳಗ್ಗೆ ನಾನು ಸುಣ್ಣ ಉದುರಿಸುವಾಗ ಮಂಜುಳ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

ಮಧ್ಯಾಹ್ನ ಮಲಗಿ ಕಣ್ಣು ಮುಚ್ಚಿದ್ದೆ. ಮೆಲ್ಲಗೆ ಏನೋ ಉದುರುವ ಸದ್ದು. ಕಣ್ಣು ಬಿಟ್ಟರೆ ಮಗಳು ಬಟ್ಟೆಯಲ್ಲಿ ಕಟ್ಟಿದ ಸುಣ್ಣದ ಪುಡಿಯನ್ನು ನನ್ನ ಚಾಪೆಯ ಸುತ್ತ ತಟ್ಟುತ್ತಾ ಬರುತ್ತಿದ್ದಾಳೆ. ತಲೆಯ ಹತ್ತಿರ ಬಂದು ಮೂಗಿಗೆ ಬೀಳದಂತೆ ಕೈ ಅಡ್ಡ ಹಿಡಿದಳು. ಸುತ್ತು ಮುಗಿಸಿ, ಹೊಸ್ತಿಲ ಮೇಲೂ ಒಂದು ಗೆರೆ ಎಳೆದು ಆಚೆ ನಿಂತು ಕೂಗಿ ಹೇಳಿದಳು. "ನಮ್ಮಪ್ಪ ಜ್ವರಕ್ಕೆ ಕೂತವ್ರೆ! ಸುಣ್ಣ ಹಾಕಿದೀನಿ! ಯಾರೂ ಮುಟ್ಟಂಗಿಲ್ಲ!"

ನಾಗ ಗೆರೆಯವರೆಗೆ ಓಡಿ ಬಂದವನು ನಿಂತುಬಿಟ್ಟ. ಸುಣ್ಣ ಹಾಕಿದ ತಟ್ಟೆ ಮುಟ್ಟಿದರೆ ಬೆನ್ನಿಗೆ ಬೀಳುತ್ತದೆ ಎಂದು ಅವನಿಗೂ ಗೊತ್ತು. ಬೆರಳು ಬಾಯಿಗಿಟ್ಟುಕೊಂಡು ಅಲ್ಲೇ ಕೂತ. ಎಲ್ಲಕ್ಕಿಂತ ದೊಡ್ಡ ಆಶ್ಚರ್ಯ ನನ್ನ ತಾಯಿ. ಮಗ ಮನೆಯಲ್ಲಿ ಗಂಜಿ ಕಾಯಿಸುತ್ತಾನೆ ಎಂದು ತಿಂಗಳುಗಳಿಂದ ಮೂತಿ ತಿರುಗಿಸಿಕೊಂಡಿದ್ದವಳು ಮೊಮ್ಮಗಳ ಆ ಒಂದು ಮಾತಿಗೆ ಬಗ್ಗಿದಳು. ಜಗಲಿಯಿಂದ ತೆವಳಿಕೊಂಡು ಬಂದು ಹೊಸ್ತಿಲ ಪಕ್ಕ ಕೋಲು ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಚೆನ್ನರಾಯಪ್ಪನ ಧ್ವನಿ ಬೀದಿಯಲ್ಲಿ ಕೇಳಿಸಿತು.

"ಎಲ್ಲಜ್ಜಿ ನಿನ್ ಮಗ? ಒಂದ್ ಹಗ್ಗ ಬೇಕಿತ್ತು."

"ಜ್ವರಕ್ಕೆ ಕೂತವ್ನೆ. ಹೋಗು, ಆಮೇಲೆ ಬಾ."

"ಗಂಡಸು ಹಾಡು ಹಗಲೇ ಮಲಗವ್ನಾ?"

"ಲೇ ಚೆನ್ನಾ, ನೀನು ಹಾಡು ಹಗಲೇ ಟೀ ಅಂಗ್ಡೀಲಿ ಕೂತಿರ್ತೀಯಲ್ಲ, ಅದೇನು ಯಾಪಾರವಾ? ನನ್ ಮಗ ಎರಡು ಮಕ್ಳು, ಆರು ಸ್ಟ್ಯಾಂಡು ಹುಳ, ಒಂದು ಮುದುಕೀನ ಸಾಕ್ತಾವ್ನೆ. ಗೆರೆ ದಾಟಿದ್ರೆ ಈ ಕೋಲು ಯಾರ ಕಾಲಿಗೆ ಬೀಳ್ತದೋ ನೋಡು."

ನಾನು ಒಳಗೆ ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಅತ್ತೆ. ನನ್ನನ್ನು ಹಡೆದವಳು ನನ್ನ ಪರ ಮಾತಾಡಿದ್ದನ್ನು ಮದುವೆಯಾದ ಮೇಲೆ ಅದೇ ಮೊದಲು ಕೇಳಿದ್ದು. ಅತ್ತ ಮೇಲೆ ನಿದ್ದೆ ಹತ್ತಿತು.

ಅಂದಿನಿಂದ ಅದು ನಮ್ಮ ಮನೆಯ ಕಟ್ಟಳೆಯಾಯಿತು. ಮಂಜುಳ ಮಧ್ಯಾಹ್ನ ಊಟಕ್ಕೆ ಶಾಲೆಯಿಂದ ಬಂದವಳು ಸುಣ್ಣದ ಗೆರೆ ಎಳೆದು ಮತ್ತೆ ಶಾಲೆಗೆ ಹೋಗುವುದು, ತಾಯಿ ಕೋಲು ಹಿಡಿದು ಕೂರುವುದು. ಊರಿನಲ್ಲಿ ನಗು ಬಿದ್ದದ್ದು ನಿಜ. ನಗುವವರು ನಗಲಿ ಎಂದು ಮಲಗಿದೆ. ಒಂದು ವಾರವಾದ ಮೇಲೆ ಚೆನ್ನರಾಯಪ್ಪನ ಹೆಂಡತಿ ಗೌರಮ್ಮ ತನ್ನ ಮೂರು ಮಕ್ಕಳನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದು, ತಾಯಿಯ ಹತ್ತಿರ ತಗ್ಗಿದ ದನಿಯಲ್ಲಿ, "ಅಜ್ಜೀ, ಇವನ್ನ ಒಂದ್ ಘಳಿಗೆ ನೋಡ್ಕೋ. ನಂಗೂ ಸುಣ್ಣ ಹಾಕ್ಸಿಕೊಳ್ಳೋ ಹಂಗಾಗದೆ" ಎಂದಳು. ಆಮೇಲೆ ನಮ್ಮ ನಡುವೆ ಒಪ್ಪಂದವಾಯಿತು. ನನ್ನ ಅರ್ಧ ಗಂಟೆ ಅವಳು ನಾಗನನ್ನು ನೋಡುವುದು, ಅವಳ ಅರ್ಧ ಗಂಟೆ ನಾನು ಅವಳ ಮೂರನ್ನೂ ನೋಡುವುದು, ಹುಳುಮನೆಗೆ ದೂರ, ಹುಣಸೆ ಮರದ ಕೆಳಗೆ. ಮಕ್ಕಳು ಮಣ್ಣಿನಲ್ಲಿ ಹೊರಳಾಡಿದರೆ ಏನೂ ಆಗುವುದಿಲ್ಲ ಎಂದು ನಾನು ಕಲಿತದ್ದು ಆ ಮರದ ಕೆಳಗೇ. ಮಂಚದ ಕಾಲಿನ ಬಟ್ಟಲುಗಳನ್ನು ಒಂದು ದಿನ ನಾನೇ ತೆಗೆದು ಕೋಳಿಗೆ ನೀರಿಡಲು ಕೊಟ್ಟೆ.

ವಾಸಿಯಾಗಿಬಿಟ್ಟಿತು ಎಂದು ಬರೆದರೆ ಸುಳ್ಳಾಗುತ್ತದೆ. ಹುಳು ಕೊನೆಯ ವಾರದಲ್ಲಿ ಸೊಪ್ಪು ತಿನ್ನುವ ಸದ್ದು ಮಳೆ ಬಿದ್ದ ಹಾಗೆ ಇರುತ್ತದೆ, ಎಷ್ಟು ಹಾಕಿದರೂ ಸಾಲುವುದಿಲ್ಲ. ಆ ವಾರದಲ್ಲಿ ಒಂದು ದಿನ ಹೊಲದಲ್ಲೇ ಎದೆ ಹೊಡೆದುಕೊಂಡಿತು. ಸೊಪ್ಪಿನ ಹೊರೆ ಇಳಿಸಿ ಬದುವಿನ ಮೇಲೆ ಕೂತೆ. "ಬಂದಾ ನೆಂಟ? ಕೂತ್ಕೋ" ಎಂದೆ. ಕೂತಿತು. ಹೋಯಿತು. ಮತ್ತೆ ಹೊರೆ ಎತ್ತಿಕೊಂಡು ಬಂದೆ. ಅದನ್ನು ಸಂಜೆ ರತ್ನನಿಗೆ ಹೇಳಿದೆ. ಮುಚ್ಚಿಡಲಿಲ್ಲ. ಈ ಕಾಯಿಲೆಯಲ್ಲಿ ನಾನು ಮಾಡಿದ ಅತಿ ದೊಡ್ಡ ಸಾಹಸ ಅದೇ.

ತಿಂಗಳು ಮುಗಿಯಿತು. ರಜೆಯ ಕೊನೆಯ ದಿನ ರತ್ನ ದೇವರ ಗೂಡಿನಿಂದ ಕಾಗದ ತೆಗೆದು ನನ್ನ ಮುಂದೆ ಹಿಡಿದಳು. "ನೀನು ಹೇಳು ಮಾವ. ನಿನ್ನ ಜೀವಕ್ಕಿಂತ ನಂಗೆ ಸ್ಕೂಲು ದೊಡ್ಡದಲ್ಲ."

"ಜೀವಕ್ಕೇನೂ ಆಗಿಲ್ಲ. ಡಾಕ್ಟ್ರು ಎತ್ತಿನ ಹಾರ್ಟು ಅಂದಿಲ್ವಾ? ಮಂಜು ಶಾಲೆ ತಪ್ಪಿಸಲ್ಲ, ಏನೂ ಮುಚ್ಚಿಡಲ್ಲ. ಈ ಎರಡು ಮಾತು ತಪ್ಪಿದ್ರೆ ಆಗ ಬರಿ ಇನ್ನೊಂದು ಕಾಗ್ದ."

ಅವಳು ಆ ಹಾಳೆಯನ್ನು ಒಲೆಗೆ ಹಾಕದೆ, ಹರಿಯದೆ, ಹೊಸದಾಗಿ ತಂದ ಮರಿಹುಳುಗಳ ತಟ್ಟೆಗೆ ಅಡಿಯಲ್ಲಿ ಹಾಸಿದಳು. ಮರಿಹುಳುವಿಗೆ ಕಾಗದ ಹಾಸುವುದು ನಮ್ಮ ಪದ್ಧತಿ. ನಾಲ್ಕು ದಿನದಲ್ಲಿ ಆ ದುಂಡಗಿನ ಅಕ್ಷರದ ಮೇಲೆಲ್ಲ ಹಿಕ್ಕೆ. ಗೊಬ್ಬರದ ಗುಂಡಿಗೆ ಹೋಯಿತು. ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಅವಳು ಹೋದಳು, ಒಂಬತ್ತೂವರೆಗೆ ಮಂಜುಳನೂ ಹೋದಳು.

ಆಮೇಲಿನ ವರ್ಷಗಳನ್ನು ಬರೆಯಲು ಹೊರಟರೆ ನನ್ನ ಕೈ ನಿಲ್ಲುವುದಿಲ್ಲ. ಮಂಜುಳ ನರ್ಸಾದಳು. ನಾಗ ಈಗ ಕಾಲೇಜಿನಲ್ಲಿ, ನನಗಿಂತ ಚೆನ್ನಾಗಿ ಮುದ್ದೆ ತೊಳಸುತ್ತಾನೆ. ತಾಯಿ ಕೋಲು ಹಿಡಿದುಕೊಂಡೇ ಎಂಬತ್ತು ದಾಟಿ ಹೋದಳು. ಎದೆ ಇವತ್ತಿಗೂ ವರ್ಷಕ್ಕೆ ಒಂದೆರಡು ಸಲ ಹೊಡೆದುಕೊಳ್ಳುತ್ತದೆ. ಅದೂ ಮನೆಯವರಲ್ಲಿ ಒಂದು.

ಹೋದ ತಿಂಗಳು ಮಂಜುಳನಿಗೆ ಹೆಣ್ಣು ಮಗು ಹುಟ್ಟಿತು. ನಾನು ತಾತನಾದೆ! ಮಾಲೂರಿನ ಆಸ್ಪತ್ರೆಯ ವಾರ್ಡಿಗೆ ನಾನು, ರತ್ನ ಹೋದಾಗ ಬೀಗರೂ ಬಂದಿದ್ದರು. ಮಾತಿನ ನಡುವೆ ಮಂಜುಳನ ರಜೆ ಮುಗಿದ ಮೇಲೆ ಕೂಸನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂತು. ಬೀಗಿತ್ತಿಗೆ ಆಸ್ತಮಾ, ಅವರ ಕೈಲಿ ಆಗುವುದಿಲ್ಲ. ಎಲ್ಲರೂ ರತ್ನನ ಕಡೆ ನೋಡಿದರು.

"ನಮ್ಮಪ್ಪ ನೋಡ್ಕೋತಾರೆ" ಎಂದಳು ಮಂಜುಳ, ಮಲಗಿದ್ದಲ್ಲಿಂದಲೇ.

ಬೀಗಿತ್ತಿ ಒಮ್ಮೆ ನನ್ನ ಮೀಸೆ ನೋಡಿದರು, ಒಮ್ಮೆ ಕೂಸನ್ನು ನೋಡಿದರು. "ತಪ್ಪು ತಿಳ್ಕೋಬೇಡಿ. ಗಂಡಸ್ರ ಕೈಲಿ ಹಸುಗೂಸು ಅಂದ್ರೆ... ಆಗುತ್ತಾ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ರತ್ನ ಮಾತಾಡಿದಳು. ಮನೆಯಲ್ಲಿ ನನ್ನನ್ನು ಹೊಗಳುವ ಹೆಂಗಸಲ್ಲ ಅವಳು. ಹೊಗಳಿದರೆ ಸಾರಿಗೆ ಉಪ್ಪು ಮರೆಯುತ್ತೇನಂತೆ.

"ನೋಡಿ ಅಮ್ಮಾ" ಎಂದಳು, ಹೆಡ್ ಟೀಚರ ಧ್ವನಿಯಲ್ಲಿ. ವಾರ್ಡಿನ ಅಷ್ಟೂ ಮಂಚದವರು ತಿರುಗಿದರು. "ನಾನು ಕೆಲಸಕ್ಕೆ ಸೇರಿ ಇಷ್ಟು ವರ್ಷ ಆಯ್ತು. ಎರಡು ಬಸ್ಸು ಬದಲಾಯಿಸಿ ಹೋಗೋಳು ನಾನು. ಎರಡು ಮಕ್ಕಳಿಗೆ ಮೈಮೇಲೆ ಅಮ್ಮ ಎದ್ದಿತು, ಟೈಫಾಯ್ಡ್ ಆಯ್ತು, ಹಲ್ಲು ಬಂತು, ಹಲ್ಲು ಬಿತ್ತು. ಒಂದೇ ಒಂದು ದಿನ ಬೆಲ್ ಹೊಡೆದ್ಮೇಲೆ ನಾನು ಶಾಲೆಗೆ ಕಾಲಿಟ್ಟಿಲ್ಲ. ಹೆಂಗೆ ಅಂದ್ಕೊಂಡ್ರಿ?"

ಬೀಗಿತ್ತಿ ಎದ್ದು, ಕೂಸನ್ನು ಬಟ್ಟೆಯ ಸಮೇತ ತಂದು, ಕುತ್ತಿಗೆ ಹೇಗೆ ಹಿಡಿಯಬೇಕು ಎಂದು ನನಗೆ ಹೇಳಲೂ ಹೋಗದೆ, ನನ್ನ ಕೈಗೆ ಕೊಟ್ಟರು.